ವೇಗ ಕೊಟ್ಟದ್ದು ಮಿಂಚೋ, ಅಲೆಯೋ?

1942ರ ಫೆಬ್ರವರಿ 28. ಅಮೆರಿಕದ ಮೇರಿಲ್ಯಾಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಕಾಸ್ಮಿಕ್ ಕಿರಣಗಳನ್ನು ಅಳೆಯುತ್ತಿದ್ದ ಉಪಕರಣದ ರೇಖೆ ಇದ್ದಕ್ಕಿದ್ದಂತೆ ಮೇಲೇರಿತು. ಮಾರ್ಚ್ 7ರಂದು ಮತ್ತೊಮ್ಮೆ. ಅದೇ ಫೆಬ್ರವರಿಯ ಕೊನೆಯಲ್ಲಿ ಬ್ರಿಟಿಷ್ ಸೇನೆಯ ರಾಡಾರ್‌ಗಳಲ್ಲೂ ಗದ್ದಲ ತುಂಬಿತ್ತು. ಶತ್ರುವಿನ ಕೈವಾಡವೇ ಎಂದು ಹುಡುಕಹೊರಟ ಜೇಮ್ಸ್ ಹೇ ಅವರಿಗೆ ಸಿಕ್ಕ ಮೂಲ ಸೂರ್ಯ.

ಆ ರೇಖೆಗಳನ್ನು ಓದುತ್ತಿದ್ದ ಸ್ಕಾಟ್ ಫೋರ್ಬುಷ್ ಅವಸರಪಡಲಿಲ್ಲ. 1946ರ ಜುಲೈ 25ರಂದು ಮೂರನೆಯ ಏರಿಕೆ ಕಂಡ ಮೇಲಷ್ಟೇ ಸೂರ್ಯನತ್ತ ಬೆರಳು ತೋರಿ ಬರೆದರು. ಪ್ರಬಂಧದ ಶೀರ್ಷಿಕೆಯಲ್ಲೇ ‘ಬಹುಶಃ’ ಎಂಬ ಮಾತಿತ್ತು. ಅವರ ವಾದದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು, ಏನೂ ಕಾಣದ ಕಡೆಯಿಂದ ಬಂದ ಸಾಕ್ಷಿ. ಪೆರುವಿನ ಹುವಾಂಕಾಯೊದಲ್ಲಿದ್ದ ಉಪಕರಣ ಮೂರು ಸಲವೂ ಕದಲಲಿಲ್ಲ. ಅದು ಕಾಂತೀಯ ಸಮಭಾಜಕದ ಹತ್ತಿರದ ಊರು; ಭೂಮಿಯ ಕಾಂತಕ್ಷೇತ್ರ ಅಲ್ಲಿ ಎಲ್ಲಕ್ಕಿಂತ ಗಟ್ಟಿ ಗುರಾಣಿ. ಬಂದದ್ದು ಬರೀ ಬೆಳಕಾಗಿದ್ದರೆ ಆ ಗುರಾಣಿಗೆ ತಡೆಯಲಾಗುತ್ತಿರಲಿಲ್ಲ. ಹಾಗಾದರೆ ಸೂರ್ಯ ಎಸೆದದ್ದು ವಿದ್ಯುದಾವೇಶ ಹೊತ್ತ ಕಣಗಳನ್ನೇ.

ಅವುಗಳಿಗೆ ಅಷ್ಟು ವೇಗ ಕೊಟ್ಟವರು ಯಾರು? ಸೌರಜ್ವಾಲೆ, ಅಂದರೆ ಸೂರ್ಯನ ಮೇಲಿನ ದಿಢೀರ್ ಮಿಂಚು, ಎಂದೇ ಬಹುಕಾಲ ನಂಬಿದ್ದರು. ಮಿಂಚಿದ ಸ್ವಲ್ಪ ಹೊತ್ತಿಗೇ ಕಣಗಳು ಬಂದರೆ ಇನ್ನೇನು ತಾನೆ ಅನ್ನಿಸೀತು! ಆದರೆ ಆಸ್ಟ್ರೇಲಿಯಾದಲ್ಲಿ ಪಾಲ್ ವೈಲ್ಡ್ ಅವರ ತಂಡ ಸೂರ್ಯನ ರೇಡಿಯೋ ಸ್ಫೋಟಗಳಲ್ಲಿ ಬೇರೆಬೇರೆ ಬಗೆಗಳನ್ನು ಗುರುತಿಸಿತ್ತು. ಒಂದು ಬಗೆಯ ಆವರ್ತನ ಸೆಕೆಂಡುಗಳಲ್ಲಿ ಇಳಿದುಹೋಗುತ್ತಿತ್ತು: ಅದು ಹೊರಗೆ ಧಾವಿಸುವ ಎಲೆಕ್ಟ್ರಾನುಗಳ ಗುರುತು. ಇನ್ನೊಂದರದ್ದು ನಿಮಿಷಗಟ್ಟಲೆ ನಿಧಾನವಾಗಿ ಜಾರುತ್ತಿತ್ತು: ಅದು ಆಘಾತ ತರಂಗದ್ದು. 1962ರಲ್ಲಿ ಶುಕ್ರನತ್ತ ಹೊರಟಿದ್ದ ಮ್ಯಾರಿನರ್-2 ಗ್ರಹಗಳ ನಡುವೆ ಅಂಥದೊಂದು ತರಂಗವನ್ನು ನೇರವಾಗಿ ಹಾದುಬಂತು. ಇಂಥ ಅಲೆಗಳನ್ನು ಎಬ್ಬಿಸುವ ಘಟನೆ, ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಪ್ಲಾಸ್ಮಾ ರಾಶಿರಾಶಿಯಾಗಿ ಕಿತ್ತು ಹೋಗುವುದು, 1971ರಲ್ಲಿ ಉಪಗ್ರಹದ ಕಣ್ಣಿಗೆ ಬಿತ್ತು.

ಅಂಥ ಆಘಾತದ ಅಲೆ ಕಣಗಳಿಗೆ ವೇಗ ಕೊಡುವ ಬಗೆಯನ್ನು 1977-78ರಲ್ಲಿ ಕ್ರಿಮ್ಸ್ಕಿ, ಬೆಲ್ ಮೊದಲಾದವರು ಒಬ್ಬರ ಹಂಗಿಲ್ಲದೆ ಒಬ್ಬರು ಕಂಡುಕೊಂಡರು. ಅಲೆಯ ಎರಡೂ ಬದಿಯಲ್ಲಿ ಕಾಂತಕ್ಷೇತ್ರ ಸಿಕ್ಕುಸಿಕ್ಕು. ಕಣ ಅತ್ತ ತಾಗಿ ಇತ್ತ, ಇತ್ತ ತಾಗಿ ಅತ್ತ, ಮಗ್ಗದ ಲಾಳಿಯಂತೆ ಓಡಾಡುತ್ತದೆ. ಎರಡು ಬದಿಗಳೂ ಒಂದನ್ನೊಂದು ಸಮೀಪಿಸುತ್ತಿರುವುದರಿಂದ ಪ್ರತಿ ಸುತ್ತಿಗೂ ಅದರ ವೇಗ ತುಸು ಹೆಚ್ಚುತ್ತದೆ. ಸುತ್ತು ಸಾಕಷ್ಟಾದವು ತಪ್ಪಿಸಿಕೊಂಡು ಭೂಮಿಯತ್ತ ಹಾರುತ್ತವೆ.

1993ರಲ್ಲಿ ಜ್ಯಾಕ್ ಗೋಸ್ಲಿಂಗ್ ಜ್ವಾಲೆಯ ಕಥೆಯನ್ನು ‘ಮಿಥ್ಯೆ’ ಎಂದೇ ಕರೆದರು. ಆ ಮಾತು ತುಸು ಖಾರವಾಯಿತು. ಜ್ವಾಲೆಗಳೂ ಕಣಗಳನ್ನು ಅಟ್ಟುತ್ತವೆ, ಹೀಲಿಯಂ-3 ಅತಿಯಾಗಿ ಬೆರೆತ ಸಣ್ಣಸಣ್ಣ ಕಂತುಗಳಲ್ಲಿ. ದಿನಗಟ್ಟಲೆ ಸುರಿಯುವ ದೊಡ್ಡ ಮಳೆ ಮಾತ್ರ ಬಹುಮಟ್ಟಿಗೆ ಅಲೆಯದೇ.

ಆದರೂ ಒಂದೇ ವೇಗದ ಎರಡು ಅಲೆಗಳಲ್ಲಿ ಒಂದು ಕಣಗಳ ಪ್ರವಾಹ ಎಬ್ಬಿಸಿದರೆ ಇನ್ನೊಂದು ಸಪ್ಪೆಯಾಗಿ ಸಾಗುವುದುಂಟು. ಹಿಂದಿನ ಸ್ಫೋಟಗಳು ದಾರಿಯಲ್ಲಿ ಬಿಟ್ಟುಹೋದ, ಆಗಲೇ ತುಸು ವೇಗ ಪಡೆದ ಕಣಗಳೇ ಮುಂದಿನ ಅಲೆಗೆ ಬಿತ್ತನೆಯಾಗುತ್ತವೆ ಎಂಬುದು ಈಗಿನ ಬಲವಾದ ವಿವರಣೆ. 2024ರ ಜನವರಿ 6ರಿಂದ, ಇಲ್ಲಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸುತ್ತುತ್ತಿರುವ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಕಟ್ಟಿದ ಉಪಕರಣ ಹಲವು ದಿಕ್ಕುಗಳಿಂದ ಬರುವ ಆ ಕಣಗಳನ್ನು ಎಣಿಸುತ್ತಿದೆ.