ಗಾಳಿಗೆ ಕಟ್ಟುವ ಸುಂಕ

ಪುಣೆಯಿಂದ ಧಾರವಾಡಕ್ಕೆ ಸುಮಾರು 400 ಕಿಲೋಮೀಟರು. ಬೇಸಿಗೆಯ ರಜೆಗೆ ನಮ್ಮ ಹಳೆಯ ಕಾರಿನ ನೆತ್ತಿಯ ಮೇಲೆ ಹಾಸಿಗೆ, ಟ್ರಂಕು ಬಿಗಿದು ಹೊರಡುವುದು ನಮ್ಮ ವಾಡಿಕೆ. ಹೋದ ವರ್ಷ ಪೆಟ್ರೋಲಿನ ಲೆಕ್ಕ ನೋಡಿದಾಗ ಗುಮಾಸ್ತನ ಸಂಬಳಕ್ಕೆ ಅದು ಹೊರೆಯೆನಿಸಿತು. ಎಂಜಿನ್ನನ್ನು ದೂರುವ ಮೊದಲು ಎದುರುಗಾಳಿಯ ಶಾಸ್ತ್ರವನ್ನು ತುಸು ತಿಳಿಯೋಣವೆಂದು ಪುಸ್ತಕ ಹಿಡಿದೆವು.

ಮೊದಲ ಪಾಠವೇ ಬೆರಗು ಹುಟ್ಟಿಸಿತು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಗಂಟೆಗೆ 80 ಕಿಲೋಮೀಟರಿನ ಬದಲು 100ರಲ್ಲಿ ಓಡಿಸಿದರೆ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಉಳಿದದ್ದು ಕಾರು ಗಾಳಿಗೆ ಒಡ್ಡುವ ಅಗಲ, ಎತ್ತರ ಮತ್ತು ಅದರ ಆಕಾರವನ್ನು ಅವಲಂಬಿಸಿದೆ. ಆಕಾರದ ಒಳಿತು ಕೆಡುಕನ್ನು ಅಳೆಯುವ ಅಂಕಿಗೆ ಗುಣಾಂಕವೆಂದು ಹೆಸರು. ಅದು ಕಡಿಮೆಯಾದಷ್ಟೂ ಒಳ್ಳೆಯದು.

ಮೂತಿ ಚೂಪಾಗಿದ್ದರೆ ಸಾಕೆಂದು ನಾವು ಎಣಿಸಿದ್ದೆವು. ನಿಜವಾಗಿ ಬಾಲದ ಪಾತ್ರವೇ ದೊಡ್ಡದು. ಎಡ್ಮಂಡ್ ರುಂಪ್ಲರ್ ಎಂಬಾತ 1921ರಲ್ಲಿ ಬರ್ಲಿನ್ನಿನಲ್ಲಿ ತೋರಿಸಿದ ಕಾರು, ಮೇಲಿನಿಂದ ನೋಡಿದರೆ ನೀರಹನಿಯಂತಿತ್ತು. 1979ರಲ್ಲಿ ಅದನ್ನು ಗಾಳಿಸುರಂಗದಲ್ಲಿಟ್ಟು ಅಳೆದಾಗ ಗುಣಾಂಕ 0.28 ಬಂದಿತು. ಇಂದಿನ ಅನೇಕ ಹೊಸ ಕಾರುಗಳೂ ಇದರ ಆಸುಪಾಸಿನಲ್ಲಿಯೇ ಇವೆ!

ಓದಿದ್ದನ್ನು ಕಣ್ಣಾರೆ ಕಾಣಬೇಕೆನಿಸಿತು. ಮನೆಯವರ ಉಣ್ಣೆಯ ಉಂಡೆಯಿಂದ ಬೆರಳುದ್ದದ ಎಳೆಗಳನ್ನು ಕತ್ತರಿಸಿ, ಬಾನೆಟ್ಟಿಗೂ ಹಿಂದಿನ ಗಾಜಿಗೂ ಅಂಟಿಸಿ, ಒಂದು ಭಾನುವಾರ ಬೆಳಿಗ್ಗೆ ಹೆದ್ದಾರಿಗೆ ಹೋದೆವು. ಬಾನೆಟ್ಟಿನ ಎಳೆಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಮಲಗಿದವು. ಹಿಂದಿನ ಸೀಟಿನಲ್ಲಿದ್ದ ಮಗಳು, "ಅಪ್ಪಾ, ಇಲ್ಲಿ ಕುಣಿಯುತ್ತಿವೆ!" ಎಂದಳು. ಅಲ್ಲಿ ಗಾಳಿ ಕಾರಿನ ಮೈ ಬಿಟ್ಟು ಸುಳಿಯಾಗುತ್ತದೆ, ಒತ್ತಡ ಕುಗ್ಗುತ್ತದೆ; ಅದೇ ಕಾರನ್ನು ಹಿಂದಕ್ಕೆಳೆಯುವುದು. ನೆತ್ತಿಯ ಟ್ರಂಕೂ ಇಂತಹ ಸುಳಿಯನ್ನೇ ಎಬ್ಬಿಸುತ್ತದೆ. ಗಾಳಿಗೆ ಒಡ್ಡುವ ಮೈಯನ್ನೂ ಹೆಚ್ಚಿಸುತ್ತದೆ.

ಈ ಬೇಸಿಗೆಯಲ್ಲಿ ಟ್ರಂಕನ್ನು ಬಿಟ್ಟು, ಖಾಲಿ ಕ್ಯಾರಿಯರನ್ನೂ ಬಿಚ್ಚಿಟ್ಟು, ಸಾಮಾನನ್ನೆಲ್ಲ ಡಿಕ್ಕಿಯಲ್ಲಿ ಅಡಕಿ, 80ನ್ನು ಮೀರದೆ ಹೋದೆವು. ಊರು ತಲಪುವುದು ಒಂದು ಗಂಟೆ ತಡವಾಯಿತು. ಸುಮಾರು 4 ಲೀಟರು ಪೆಟ್ರೋಲು ಉಳಿಯಿತು.

ಮರಳುವ ದಿನ ತಾಯಿಯವರು ಎಂದಿನಂತೆ ಜೋಳದ ಚೀಲ ತಂದಿಟ್ಟರು. ಡಿಕ್ಕಿಯಲ್ಲಿ ಎಡೆಯಿರಲಿಲ್ಲ, ಕ್ಯಾರಿಯರು ಪುಣೆಯಲ್ಲಿತ್ತು. ಗುಣಾಂಕದ ಮಾತು ಅವರ ಮುಂದೆ ನಡೆಯಲಿಲ್ಲ. ಕೊನೆಗೆ ಚೀಲ ಸೀಟಿನ ಕೆಳಗೆ ಸೇರಿತು. ಮಗಳು ಪುಣೆಯವರೆಗೂ ಕಾಲು ಮಡಚಿಯೇ ಕುಳಿತಳು.

ಕಾರಿರುವ ವಾಚಕಬಂಧುಗಳು ಊರಿಗೆ ಹೊರಡುವ ಮುನ್ನ ಅದರ ನೆತ್ತಿಯ ಕಡೆ ಒಮ್ಮೆ ಕಣ್ಣೆತ್ತಿ ನೋಡಲಿ.