ಪಾಚಿ ಕೆರೆದರಷ್ಟೇ ಸಾಲದು

ನಮ್ಮ ಗಳಗನಾಥದ ಬಳಿ ವರದಾ ನದಿ ತುಂಗಭದ್ರೆಯನ್ನು ಸೇರುತ್ತದೆ. ಈ ನೀರು ಮುಂದೆ ಹರಿದು ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ನಿಲ್ಲುತ್ತದೆ. ಆ ಜಲಾಶಯದ ನೀರು ಪಾಚಿಯಿಂದ ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಓದಿದ್ದೇವೆ. ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ಒಂದು ಗಾಜಿನ ತೊಟ್ಟಿ ಸಾಕು. ಉಪ್ಪುನೀರಿನ ಅಕ್ವೇರಿಯಂ ಸಾಕುವವರು ದಿನವೂ ಹೋರಾಡುವುದು ಇದೇ ಸಮಸ್ಯೆಯೊಂದಿಗೆ.

ಸಮುದ್ರದಿಂದ ದೂರವಿರುವ ನಮ್ಮಂಥ ಊರಿನಲ್ಲಿ ಕಡಲ ನೀರನ್ನು ನಾವೇ ತಯಾರಿಸಬೇಕು. ಶುದ್ಧ ನೀರಿನ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪನ್ನು ಬೆರೆಸುತ್ತಾರೆ. ಅಡುಗೆ ಉಪ್ಪು ಇದಕ್ಕೆ ಬರುವುದಿಲ್ಲ.

ಈ ತೊಟ್ಟಿಗೆ ಪೋಷಕಾಂಶ ಮುಖ್ಯವಾಗಿ ಬರುವುದು ಮೀನಿನ ಆಹಾರದಿಂದ. ಮೀನು ಹೊರಹಾಕುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆಹಾರದಲ್ಲಿನ ರಂಜಕವು ಫಾಸ್ಫೇಟ್ ಆಗಿ ಉಳಿಯುತ್ತದೆ. ಹೊಲದ ಬೆಳೆಗೆ ಯೂರಿಯಾ, ಡಿಎಪಿ ಹೇಗೋ ಪಾಚಿಗೆ ಇವೆರಡೂ ಹಾಗೆ.

ಇಲ್ಲೊಂದು ಮೋಸವಿದೆ. ತೊಟ್ಟಿಯ ತುಂಬ ಪಾಚಿ ಇದ್ದರೂ ಟೆಸ್ಟ್ ಕಿಟ್ ನೈಟ್ರೇಟ್ ಸೊನ್ನೆ ಎಂದು ತೋರಿಸಬಹುದು. ಏಕೆಂದರೆ ಪೋಷಕಾಂಶ ಆಗಲೇ ಪಾಚಿಯ ಮೈಸೇರಿರುತ್ತದೆ. ಔಷಧಿ ಹಾಕಿ ಪಾಚಿಯನ್ನು ಅಲ್ಲೇ ಸಾಯಿಸಿದರೆ ಅದು ಕೊಳೆತು ಪೋಷಕಾಂಶವನ್ನು ಮತ್ತೆ ನೀರಿಗೆ ಬಿಡುತ್ತದೆ. ಕೊಳೆಯುವಾಗ ಆಮ್ಲಜನಕವೂ ಖರ್ಚಾಗುತ್ತದೆ. ಬೆಳಗಾಗುವಷ್ಟರಲ್ಲಿ ಮೀನು ಸತ್ತಿರಬಹುದು. ಆದ್ದರಿಂದ ಪಾಚಿಯನ್ನು ಕೈಯಿಂದ ಕಿತ್ತು, ಉದುರಿದ ಚೂರುಗಳನ್ನೂ ಪೈಪಿನಿಂದ ಹೀರಿ ಹೊರಗೆ ಚೆಲ್ಲಬೇಕು. ಹೊರಗೆ ಹೋದ ಪ್ರತಿ ಹಿಡಿ ಪಾಚಿಯೊಂದಿಗೆ ಅಷ್ಟು ಗೊಬ್ಬರವೂ ಹೋಗುತ್ತದೆ.

ಜೊತೆಗೆ ಒಳಗೆ ಬರುವುದನ್ನು ತಡೆಯಬೇಕು. ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ನೀರು ಬದಲಿಸುವಾಗ ಸಣ್ಣ ಲೆಕ್ಕ ನೆನಪಿರಲಿ: ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಇದ್ದಾಗ ಶೇ 20ರಷ್ಟು ನೀರು ಬದಲಿಸಿದರೆ 32ಕ್ಕೆ, ಮತ್ತೊಮ್ಮೆ ಬದಲಿಸಿದರೆ 25.6ಕ್ಕೆ ಇಳಿಯುತ್ತದೆ. ಆದರೆ ಹೊಸ ನೀರಿನಲ್ಲೇ 40 ಇದ್ದರೆ ಎಷ್ಟು ಸಲ ಬದಲಿಸಿದರೂ 40 ಆಗಿಯೇ ಉಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇರುವ ಸಾಧ್ಯತೆ ಇರುವುದರಿಂದ ಆರ್‌ಒ ನೀರು ಬಳಸುವುದು ಕ್ಷೇಮ.

ಹಾಗೆಂದು ಪೋಷಕಾಂಶವನ್ನು ಪೂರ್ತಿ ಸೊನ್ನೆಗೆ ಇಳಿಸುವುದೂ ತಪ್ಪು. ಹವಳದ ಜೀವಕೋಶಗಳ ಒಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತವೆ. ಅವಕ್ಕೂ ಸಾರಜನಕ, ರಂಜಕ ಬೇಕು; ಸಿಗದಿದ್ದರೆ ಹವಳ ಬಿಳಿಚಿಕೊಂಡು ಸೊರಗುತ್ತದೆ. ಇಳಿಸುವುದಾದರೂ ವಾರಗಟ್ಟಲೆ ಸಮಯ ಕೊಟ್ಟು, ಅಳೆಯುತ್ತಾ ನಿಧಾನವಾಗಿ ಇಳಿಸಬೇಕು.

ಈಗ ನದಿಯ ಕಡೆ ನೋಡೋಣ. ಜಲಾಶಯದ ಹಸಿರಿಗೆ ಮುಖ್ಯ ಕಾರಣ ನೀಲಿ-ಹಸಿರು ಪಾಚಿ ಎನಿಸಿಕೊಳ್ಳುವ ಸಯನೋಬ್ಯಾಕ್ಟೀರಿಯಾ. ಇವುಗಳಲ್ಲಿ ಕೆಲವು ಜಾತಿಗಳು ವಿಷವನ್ನೂ ಉತ್ಪಾದಿಸುತ್ತವೆ. ಆ ನೀರನ್ನು ಜನ, ಜಾನುವಾರು ಕುಡಿಯುತ್ತಾರೆ. ತೊಟ್ಟಿಯ ನೀರನ್ನು ಬದಲಿಸಬಹುದು, ಜಲಾಶಯದ ನೀರನ್ನು ಬದಲಿಸಲಾಗದು. ಉಳಿದಿರುವ ದಾರಿ ಒಂದೇ: ಒಳಗೆ ಬರುವ ಪೋಷಕಾಂಶವನ್ನು ಕಡಿಮೆ ಮಾಡುವುದು. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಜೋರು ಮಳೆಯ ಮುನ್ನಾದಿನ ಅದನ್ನು ಎರಚಿದರೆ ರೈತನ ಹಣ ಹಳ್ಳ ಸೇರುತ್ತದೆ, ಹಳ್ಳದಿಂದ ಹೊಳೆ ಸೇರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು, ಹೊಳೆಯ ದಂಡೆಯ ಹುಲ್ಲು, ಗಿಡಗಳನ್ನು ಉಳಿಸುವುದು, ಊರಿನ ಚರಂಡಿ ನೀರನ್ನು ಶುದ್ಧೀಕರಿಸದೆ ಬಿಡದಿರುವುದು: ಮೂರೂ ನಮ್ಮ ದಂಡೆಯಲ್ಲೇ ಆಗಬೇಕಾದ ಕೆಲಸ.

ನಮ್ಮಲ್ಲಿ ಅನೇಕರು ರೈತರ ಮಕ್ಕಳು. ಈ ಸಲ ಗೊಬ್ಬರದ ಚೀಲ ಮನೆಗೆ ಬಂದಾಗ ಅದರ ಮೇಲಿನ ಅಂಕಿಗಳನ್ನು ಓದಿ, ಮಣ್ಣು ಪರೀಕ್ಷೆ ಆಗಿದೆಯೇ ಎಂದು ಮನೆಯವರನ್ನು ಕೇಳಿ.