ಎಳನೀರು ಯಾರಿಗೆ ಅಮೃತ, ಯಾರಿಗೆ ಅಪಾಯ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಳನೀರೇ ಮೊದಲ ಮದ್ದು. ಜ್ವರ ಬಂದವರಿಗೆ ಎಳನೀರು, ಉರಿಮೂತ್ರಕ್ಕೆ ಎಳನೀರು, ಬಿಸಿಲಿನಲ್ಲಿ ದಣಿದು ಬಂದ ನೆಂಟರಿಗೂ ಎಳನೀರು. ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಅಮ್ಮಸಂದ್ರದ ಸುತ್ತಲ ತೋಟಗಳಲ್ಲೂ ಇದೇ ರೂಢಿ. ಆದರೆ ಮೂತ್ರಪಿಂಡ ಸೋತ ರೋಗಿಗೆ ವೈದ್ಯರು ಮೊದಲು ನಿಲ್ಲಿಸಲು ಹೇಳುವುದೂ ಎಳನೀರನ್ನೇ. ಮನೆಯವರಿಗೆ ಇದು ಒಗಟಾಗಿ ಕಾಣುತ್ತದೆ. ತಲೆತಲಾಂತರದಿಂದ ಒಳ್ಳೆಯದೆಂದು ಕುಡಿದದ್ದು ಈಗ ಕೆಡುಕಾದೀತು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಡುವ ಶಾಸ್ತ್ರವೇ ಶರೀರಕ್ರಿಯಾ ವಿಜ್ಞಾನ. ಕನ್ನಡದಲ್ಲಿ ಇದನ್ನು ಅಂಗಕ್ರಿಯಾ ವಿಜ್ಞಾನ ಎಂದೂ ಕರೆಯುವುದುಂಟು. ದೇಹದ ಯಾವ ಭಾಗ ಎಲ್ಲಿದೆ, ಹೇಗಿದೆ ಎಂಬುದನ್ನು ಅಂಗರಚನಾ ಶಾಸ್ತ್ರ ತಿಳಿಸಿದರೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ವೈದ್ಯ ಪದವಿಗೆ ಸೇರಿದವರು ಮೊದಲ ಹಂತದಲ್ಲಿ ಓದುವ ಮೂರು ಮುಖ್ಯ ವಿಷಯಗಳು ಅಂಗರಚನೆ, ಶರೀರಕ್ರಿಯೆ ಮತ್ತು ಜೀವರಸಾಯನ. ವೈದ್ಯರಾಗುವವರಿಗೆ ಮಾತ್ರವಲ್ಲ, ನರ್ಸಿಂಗ್, ಫಿಸಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನ ಓದುವವರಿಗೂ ಇದು ಆರಂಭದ ಪಾಠ. ಆಯುರ್ವೇದ ಪದವಿಯಲ್ಲಿಯೂ ಕ್ರಿಯಾಶಾರೀರ ಎಂಬ ಹೆಸರಿನಲ್ಲಿ ಇದಕ್ಕೆ ಸ್ಥಾನವಿದೆ.

ಮತ್ತೆ ಎಳನೀರಿಗೆ ಬರೋಣ. ತಳಿ ಮತ್ತು ಕಾಯಿಯ ಬಲಿತಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾದರೂ, ಒಂದು ಲೀಟರ್ ಎಳನೀರಿನಲ್ಲಿ ಸುಮಾರು 2 ಗ್ರಾಂ ಆಸುಪಾಸು ಪೊಟ್ಯಾಷಿಯಂ ಇರುತ್ತದೆ. ನಮ್ಮ ದೇಹದಲ್ಲಿ ಪೊಟ್ಯಾಷಿಯಂನ ಬಹುಪಾಲು ಜೀವಕೋಶಗಳ ಒಳಗಿದೆ. ಹೊರಗಿನ ರಕ್ತದ್ರವದಲ್ಲಿ ಹೆಚ್ಚಾಗಿರುವುದು ಸೋಡಿಯಂ. ಒಳಗೂ ಹೊರಗೂ ಇರುವ ಈ ವ್ಯತ್ಯಾಸದ ಬಲದಿಂದಲೇ ನರಗಳು ಸುದ್ದಿ ಸಾಗಿಸುತ್ತವೆ, ಹೃದಯ ಬಡಿಯುತ್ತದೆ. ಆಹಾರದಲ್ಲಿ ಬಂದ ಹೆಚ್ಚುವರಿ ಪೊಟ್ಯಾಷಿಯಂ ಅನ್ನು ಆರೋಗ್ಯವಂತ ಮೂತ್ರಪಿಂಡ ಹೊರಹಾಕುತ್ತದೆ. ಆ ಶಕ್ತಿ ಕುಂದಿದಾಗ ಅದು ರಕ್ತದಲ್ಲಿಯೇ ಉಳಿದು, ಹೃದಯದ ಲಯ ತಪ್ಪಿಸುತ್ತದೆ. ಹೃದಯ ನಿಂತೇ ಹೋಗಬಹುದು. ಎಳನೀರಿನ ಗುಣವೇನೂ ಬದಲಾಗಿಲ್ಲ, ಕುಡಿದವರ ಮೂತ್ರಪಿಂಡ ಬದಲಾಗಿದೆ.

ಹೃದಯಕ್ಕೂ ಲವಣಗಳಿಗೂ ಇರುವ ಈ ನಂಟನ್ನು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯವನ್ನು ಅವರು ಉಪ್ಪುನೀರಿನಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಬಟ್ಟಿ ಇಳಿಸಿದ ನೀರಿಗೆ ಬದಲು ನಲ್ಲಿ ನೀರು ಬಳಕೆಯಾಗಿದ್ದಾಗ ಹೃದಯ ಹೆಚ್ಚು ಹೊತ್ತು ಬಡಿದದ್ದು ಕಂಡುಬಂತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದಕ್ಕೆ ಕಾರಣವೆಂದು ಅವರು 1883ರಲ್ಲಿ ಪ್ರಕಟಿಸಿದರು. ಮುಂದೆ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಆ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಇಂದು ಊರ ಆಸ್ಪತ್ರೆಯಲ್ಲೂ ‘ಡ್ರಿಪ್’ ಎಂದು ತೂಗುಹಾಕುವ ಆರ್.ಎಲ್. ಬಾಟಲಿಯ ಹುಟ್ಟು ಹೀಗೆ.

ವಾಂತಿಭೇದಿಯ ಸಂಗತಿಯೂ ಇಷ್ಟೇ ಕುತೂಹಲಕರ. ಭೇದಿಯಲ್ಲಿ ದೇಹ ನೀರಿನೊಡನೆ ಸೋಡಿಯಂ ಅನ್ನೂ ಕಳೆದುಕೊಳ್ಳುತ್ತದೆ. ಬರಿ ನೀರು ಕುಡಿಸಿದರೆ ಆ ನಷ್ಟ ತುಂಬುವುದಿಲ್ಲ. ಆದರೆ ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಸೇರುತ್ತವೆ. ಅವುಗಳ ಹಿಂದೆಯೇ ನೀರೂ ಸೇರುತ್ತದೆ. ಈ ಜೋಡಿ ಸಾಗಣೆಯನ್ನು 1960ರಲ್ಲಿ ರಾಬರ್ಟ್ ಕ್ರೇನ್ ವಿವರಿಸಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಸಾಲದಾದಾಗ, ಡಾ. ದಿಲೀಪ್ ಮಹಾಲನಬೀಸ್ ಉಪ್ಪು–ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರು. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಈಗಿನ ಓ.ಆರ್.ಎಸ್. ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಎಳನೀರಿನಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ. ಆದ್ದರಿಂದ ಭೇದಿಯಿಂದ ಬಳಲಿದ ಮಗುವಿಗೆ ಎಳನೀರೊಂದನ್ನೇ ನೆಚ್ಚುವಂತಿಲ್ಲ, ಓ.ಆರ್.ಎಸ್. ಬೇಕೇ ಬೇಕು.

ಕನ್ನಡ ನಾಡಿನಲ್ಲಿ ಈ ವಿದ್ಯೆ ವಿಶ್ವವಿದ್ಯಾನಿಲಯದ ಪಾಠವಾದದ್ದು ಮೈಸೂರು ವೈದ್ಯಕೀಯ ಕಾಲೇಜಿನಿಂದ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರಲ್ಲಿ ಬಂತು. ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದ ರಾಜ್ಯದ ಆರೋಗ್ಯ ಶಿಕ್ಷಣವನ್ನು ಒಂದೇ ಸೂರಿನಡಿ ತರಲು 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಹಿಂದೆ ಪ್ರಯೋಗಾಲಯವೆಂದರೆ ಕಪ್ಪೆಯ ಸ್ನಾಯು ಮತ್ತು ಮಸಿ ಹಿಡಿಸಿದ ಸುತ್ತುವ ಉರುಳೆ. ಇಂದು ಕಪ್ಪೆಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಆದರೆ ಸಹಪಾಠಿಯ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ, ನಾಡಿ ಎಣಿಸುವ, ಉಸಿರಿನ ಪ್ರಮಾಣ ನೋಡುವ ಅಭ್ಯಾಸ ನಿಂತಿಲ್ಲ.

ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ಪಾಠಗಳು ಮೊದಮೊದಲು ಕಬ್ಬಿಣದ ಕಡಲೆಯೇ. ಡಾ. ಡಿ.ಎಸ್. ಶಿವಪ್ಪ, ಡಾ. ಪಿ.ಎಸ್. ಶಂಕರ್ ಮೊದಲಾದವರು ವೈದ್ಯ ವಿಜ್ಞಾನವನ್ನು ಕನ್ನಡಕ್ಕೆ ತರಲು ದುಡಿದಿದ್ದಾರೆ. ಈ ದುಡಿಮೆಯ ಬೆಲೆ ತಿಳಿಯುವುದು ಪರೀಕ್ಷೆ ಮುಗಿದ ಮೇಲೆ. ಏಕೆಂದರೆ ಕಲಿತದ್ದನ್ನು ರೋಗಿಯ ಮನೆಯವರಿಗೆ ಹೇಳಬೇಕಾದದ್ದು ಕನ್ನಡದಲ್ಲಿ. ‘ಎಳನೀರು ಕೊಡಬೇಡಿ’ ಎಂದಷ್ಟೇ ಹೇಳಿದರೆ, ಸ್ವಂತ ತೋಟವಿರುವವರು ಕೇಳುವುದು ಕಷ್ಟ. ಸೋತ ಮೂತ್ರಪಿಂಡ ಅದರಲ್ಲಿರುವ ಲವಣವನ್ನು ಹೊರಹಾಕಲಾರದು, ಅದು ಹೃದಯಕ್ಕೆ ತೊಂದರೆ ಕೊಡುತ್ತದೆ ಎಂದು ಬಿಡಿಸಿ ಹೇಳುವ ದಾದಿಯ ಮಾತನ್ನು ಅವರು ನಂಬಿಯಾರು.